ಗಾಯರಾಣದ ಹದಿನೆಂಟು ಎಕರೆ ಮತ್ತು ಸಾಬವ್ವನ ಸಹಿ

ಅಂಜಿಕೆ ಕೆಲವರ ಮನೆಗೆ ಬೀಗರ ಹಾಗೆ ಬಂದು, ಎರಡು ದಿನ ಉಂಡು, ತನ್ನ ದಾರಿ ಹಿಡಿಯುತ್ತದೆ. ಬೋರಿಹಾಳದ ಸಾಬವ್ವನ ಮನೆಯಲ್ಲಿ ಅದು ಮನೆಯಳಿಯನ ಹಾಗೆ ಕಾಯಂ ಠಿಕಾಣಿ ಹೂಡಿತ್ತು. ಸಿಡಿಲೆಂದರೆ ಅಂಜಿಕೆ, ಹಲ್ಲಿಯೆಂದರೆ ಅಂಜಿಕೆ, ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಿ ತಪ್ಪಿಸಿಕೊಂಡೇನೋ ಎಂಬ ಅಂಜಿಕೆ. ಖಾಕಿ ಬಟ್ಟೆ ಕಂಡರಂತೂ, ಬಂದವನು ಅಂಚೆಯವನೇ ಆಗಿದ್ದರೂ, ಒಳಗೆ ಹೋಗಿ ಕದ ಮುಂದೆ ಮಾಡಿಕೊಳ್ಳುತ್ತಿದ್ದಳು. "ನಿನಗ ಪತ್ರ ಕೊಡಾಕ ಗೋಡಿ ಒಡೀಬೇಕೇನಬೇ?" ಎಂದು ಅಂಚೆಯ ರಸೂಲ ಹೊರಗಿನಿಂದ ಕೂಗುತ್ತಿದ್ದ.

ಈ ಅಂಜಿಕೆಗೂ ಒಂದು ತವರಿತ್ತು. ಸಾಬವ್ವ ಜೇವರ್ಗಿ ಕಡೆಯ ಇಜೇರಿಯ ಮಗಳು. ಏಳು ವರ್ಷದವಳಿದ್ದಾಗ ಒಂದು ದಿನ ಅವರ ಓಣಿಗೆ ಸರ್ಕಾರಿ ಜೀಪು ಬಂತು. ಅವಳಪ್ಪ ಹಿಂದಿನ ದಿನವಷ್ಟೇ ಹಳ್ಳದ ದಂಡೆಯ ಒಣ ಜಾಲಿಯೊಂದನ್ನು ಕಡಿದು ಒಲೆಗೆ ಹಾಕಿದ್ದ. ಜೀಪಿನ ಸದ್ದು ಕೇಳಿದ್ದೇ ತಡ, ಜೋಳದ ಕಣಿಕೆಯ ಬಣವೆಯೊಳಗೆ ಹೊಕ್ಕು ಕುಳಿತವನು ಹೊತ್ತು ಮುಳುಗಿದ ಮೇಲೆಯೇ ಹೊರಬಂದ. ಮೈತುಂಬ ಗೀರು, ತುಟಿ ಒಣಗಿ ಬಿರಿದಿತ್ತು. ಜೀಪಿನವರು ಬಂದದ್ದು ಬೇರೆ ಊರಿಗೆ ದಾರಿ ಕೇಳಲು. ಊರೆಲ್ಲ ನಕ್ಕಿತು, ಅಪ್ಪನೂ ನಕ್ಕ. ಆದರೆ ಬಣವೆಯೊಳಗಿಂದ ಇಣುಕಿದ್ದ ಆ ಎರಡು ಕಣ್ಣು ಸಾಬವ್ವನಿಗೆ ಮರೆಯಲಿಲ್ಲ. ಅಷ್ಟು ದೊಡ್ಡ ಅಪ್ಪನೇ ಹಾಗೆ ಅಡಗಿದ ಮೇಲೆ ನನ್ನ ಗತಿಯೇನು ಎಂದು ಆ ಹುಡುಗಿ ಅವತ್ತೇ ತೀರ್ಮಾನ ಮಾಡಿಕೊಂಡಳು.

ಮದುವೆಯಾಗಿ ಬಂದದ್ದು ಬೋರಿಹಾಳಕ್ಕೆ. ಆಳಂದ ತಾಲೂಕು ಮುಗಿದು ಅಫಜಲಪುರ ಶುರುವಾಗುವ ಅಂಚಿನಲ್ಲಿದೆ ಈ ಊರು. ಚೌಡಾಪುರದಿಂದ ಟಂಟಂ ಆಟೋ ಹಿಡಿದರೆ ಮುಕ್ಕಾಲು ತಾಸು. ಗಂಡ ಪೀರಪ್ಪ ಗೌಂಡಿ, ಮನೆ ಕಟ್ಟುವ ಕೆಲಸದವನು. ಮಗಳು ಮೈತ್ರಿ ಅಫಜಲಪುರದ ಒಂದು ಶಾಲೆಯಲ್ಲಿ ಟೀಚರು, ದಿನಾ ಬಸ್ಸಿಗೆ ಹೋಗಿ ಬರುವವಳು. ಹೊಲ ಇಲ್ಲ. ಇದ್ದದ್ದು ಎರಡು ಆಡು, ಗೋಡೆಯ ಮೇಲೆ ಬುದ್ಧನ ಪಟ, ಮತ್ತೆ ಊರಿಗೆಲ್ಲ ಸೇರಿದ ಗಾಯರಾಣ. ಗಾಯರಾಣವೆಂದರೆ ಊರ ದನಕರು ಮೇಯಲೆಂದು ಹಿಂದಿನಿಂದ ಬಿಟ್ಟ ಸರ್ಕಾರಿ ಹುಲ್ಲುಗಾವಲು. ಬೋರಿಹಾಳದ್ದು ಇನ್ನೂರಾ ಹತ್ತು ಎಕರೆ. ಮೊಣಕಾಲೆತ್ತರ ಕರಡ ಹುಲ್ಲು, ನಡುನಡುವೆ ಬೋರೆಹಣ್ಣಿನ ಬಾರಿಗಿಡ, ಜಾಲಿ. ಹೊಲವಿಲ್ಲದ ಓಣಿಗೆ ಉರುವಲು ಅಲ್ಲಿಂದ, ಕುಳ್ಳಿನ ಸಗಣಿ ಅಲ್ಲಿಂದ, ಮಕ್ಕಳ ಉಡಿಗೆ ಬಾರಿಹಣ್ಣು ಅಲ್ಲಿಂದ.

ಸಾಬವ್ವ ಪಂಚಾಯ್ತಿ ಸದಸ್ಯೆಯಾದದ್ದೂ ಅಂಜಿಕೆಯಿಂದಲೇ. ಆ ಸಲ ಓಣಿಯ ಸೀಟು ಹೆಣ್ಣುಮಗಳಿಗೆ ಬಂದಿತ್ತು. ಊರಲ್ಲಿ ಎಲ್ಲರಿಗಿಂತ ಹೆಚ್ಚು ಹೊಲವಿದ್ದ ಗುರಣ್ಣಗೌಡ ಕಟ್ಟೆಯ ಮೇಲೆ ಕೂತು ಹೇಳಿದ: "ಸಾಬವ್ವ ನಿಲ್ಲಲಿ. ನಮಗ ಅಂಜೋ ಮಂದಿ ಬೇಕು. ಅಂಜಲಾರದವ್ರು ಸದಸ್ಯರಾದ್ರ ಮೀಟಿಂಗ್ ಮುಗಿಯೂದೇ ಇಲ್ಲ." ಎದುರು ಯಾರೂ ನಿಲ್ಲಲಿಲ್ಲ. ಮುಂದೆ ಪ್ರತಿ ಪಂಚಾಯ್ತಿಗೂ ಒಂದು ಜೀವವೈವಿಧ್ಯ ಸಮಿತಿ ಬೇಕೆಂದು ಮೇಲಿನಿಂದ ಕಾಗದ ಬಂದಾಗ, ಕಂಟ್ರಾಕ್ಟು ಇಲ್ಲದ ಆ ಸಮಿತಿಯ ಅಧ್ಯಕ್ಷಗಿರಿ ಯಾರಿಗೂ ಬೇಡವಾಗಿ, ಅದೂ ಸಾಬವ್ವನ ಉಡಿಗೆ ಬಿತ್ತು.

ಮೊದಲ ವರ್ಷ ಸಮಿತಿಯಲ್ಲಿ ಚಹಾ ಬಿಸ್ಕತ್ತು ಬಿಟ್ಟರೆ ಏನಿರಲಿಲ್ಲ. ಎರಡನೆಯ ವರ್ಷ ಪಿಡಿಒ ಕಲ್ಯಾಣಕುಮಾರ ಗ್ರಾಮಸಭೆಯಲ್ಲಿ ಎದ್ದು ನಿಂತು, ಸರ್ಕಾರ ತನ್ನ ರೊಕ್ಕದಲ್ಲಿ ಒಂದು ಹೊಸ ಪಾಲು ಎತ್ತಿಟ್ಟಿದೆ ಎಂದ. ಗಾಯರಾಣವನ್ನು ಗಾಯರಾಣವಾಗಿಯೇ ಉಳಿಸಿಕೊಂಡ ಪಂಚಾಯ್ತಿಗೆ ವರ್ಷವರ್ಷ ಆ ಪಾಲು ಬರುತ್ತದಂತೆ.

"ನಿಮ್ಮ ಗಾಯರಾಣದಾಗ ಚಿಗರಿ ಅದಾವು, ತೋಳ ಅದಾವು, ಬುರ್ಲಿ ಹಕ್ಕಿ ಅದಾವು. ಅವು ಇರೋತನಕ ರೊಕ್ಕ ಬರ್ತದ್ರಿ."

"ಅಂದ್ರ ಇನ್ಮ್ಯಾಲ ಚಿಗರಿ ಹೆಸರ್ಲೆ ನಾವು ಉಣ್ಣೋದೇನ್ರಿ ಸಾಹೇಬ್ರ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಉಣ್ಣೋದಲ್ಲಪಾ, ಕುಡಿಯೋದು. ನೀರಿನ ಫಿಲ್ಟರ್ ಹಾಕಸ್ತೀವಿ."

ಖರೇ ಫಿಲ್ಟರ್ ಬಂತು. ದನಗಳಿಗೆ ಕಲ್ಲಿನ ಬಾನಿ ಬಂತು. ಬ್ಯಾಸಗಿಯಲ್ಲಿ ಹುಲ್ಲಿಗೆ ಬೆಂಕಿ ಬೀಳದಂತೆ ಕಾಯಲು ಇಬ್ಬರಿಗೆ ಕೂಲಿ ಬಂತು. ಊರು ನಕ್ಕೋತ ನೀರು ಕುಡಿಯಿತು. ಸಾಬವ್ವನಿಗೆ ಮಾತ್ರ ಹೊಸ ಅಂಜಿಕೆ ಹುಟ್ಟಿತು: ನಾಳೆ ಚಿಗರಿ ಸತ್ತರೆ ಅಧ್ಯಕ್ಷೆಯನ್ನು ಹಿಡಿದು ಕೇಳಿದರೆ? ಸಂಜೆ ಆಡು ಹೊಡೆದುಕೊಂಡು ಬರುವಾಗ ದೂರದ ಚಿಗರಿ ಹಿಂಡನ್ನು ಎಣಿಸುತ್ತಿದ್ದಳು. ಒಂದು ಕಡಿಮೆ ಬಿದ್ದರೆ ಅನ್ನ ಸೇರುತ್ತಿರಲಿಲ್ಲ. "ಸಾಯಬ್ಯಾಡ್ರೆಪಾ, ನಿಮ್ಮ ಕಾಲಿಗೆ ಬೀಳ್ತೇನಿ" ಎಂದು ಅವುಗಳಿಗೇ ಕೈ ಮುಗಿದದ್ದೂ ಉಂಟು.

ಹೀಗಿರುವಾಗ ಈ ವರ್ಷ ರೋಹಿಣಿ ಮಳೆಗೆ ಮುಂಚೆ ಒಂದು ಬೆಳಿಗ್ಗೆ, ಆಡುಗಳ ಹಿಂದೆ ಹೋದ ಸಾಬವ್ವ ನೋಡಬಾರದ್ದನ್ನು ನೋಡಿದಳು. ಗಾಯರಾಣದ ಮೂಡಣ ಅಂಚಿಗೆ ಗುರಣ್ಣಗೌಡನ ಹೊಲ. ನಡುವೆ ಹದ್ದು ತೋರುವ ಸೊಂಟದೆತ್ತರದ ಬಾಂದಕಲ್ಲು. ಗೌಡನ ಟ್ರ್ಯಾಕ್ಟರ್ ಆ ಕಲ್ಲಿಗೆ ಸರಪಳಿ ಹಾಕಿ ಹಲ್ಲು ಕಿತ್ತ ಹಾಗೆ ಕಿತ್ತಿತು. ಗಾಯರಾಣದೊಳಗೆ ಎಳೆದುಕೊಂಡು ಹೋಗಿ ದೂರದಲ್ಲಿ ಮತ್ತೆ ನೆಟ್ಟಿತು. ನಡುವಿನ ಹುಲ್ಲೆಲ್ಲ ನೇಗಿಲಿಗೆ ಮಗುಚಿ ಬಿತ್ತು. ಬಾರಿಗಿಡದ ಹಿಂದೆ ಕುಕ್ಕರಗಾಲಲ್ಲಿ ಕುಳಿತ ಸಾಬವ್ವ ಆಡುಗಳ ಬಾಯನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು. ಹದಿನೆಂಟು ಎಕರೆ. ತಿಂಗಳಲ್ಲಿ ಅಲ್ಲಿ ತೊಗರಿ ಎದ್ದಿತು. ಗೌಡ ಕಳೆ ತೆಗೆಯಲು ಕರೆದಾಗ ಸಾಬವ್ವ ಹೋದಳು. ಹೋಗದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುತ್ತಾರಲ್ಲ! ಆ ನೆಲದಲ್ಲೇ ಬಗ್ಗಿ ಕುರ್ಪಿ ಆಡಿಸಿದಳು, ಅದೇ ಕೂಲಿಯಲ್ಲಿ ಎಣ್ಣೆ ತಂದಳು. ಕಂಡದ್ದನ್ನು ಪೀರಪ್ಪನಿಗೂ ಹೇಳಲಿಲ್ಲ.

ಕಾರ್ತಿಕ ಕಳೆದು ಚಳಿ ಹತ್ತಿತು. ಎಳ್ಳ ಅಮಾವಾಸ್ಯೆಗೆ ವಾರವಿದೆ ಎನ್ನುವಾಗ ಪಂಚಾಯ್ತಿಗೆ ಕಾಗದ ಬಂತು: ಅಮಾವಾಸ್ಯೆಯ ದಿನವೇ ಜಿಲ್ಲೆಯಿಂದ ಮೇಡಂ ಒಬ್ಬರು ಗಾಯರಾಣ ನೋಡಲು ಬರುತ್ತಾರೆ, ಸಮಿತಿಯ ಅಧ್ಯಕ್ಷರು ದೃಢೀಕರಣ ಪತ್ರಕ್ಕೆ ಸಹಿ ಮಾಡಬೇಕು. ಸಾಬವ್ವ ಆಫೀಸಿಗೆ ಹೋಗಿ ಆ ಪತ್ರವನ್ನು ಹಿಡಿದು ನೋಡಿದಳು.

"ಇದರಾಗ ಏನ್ ಬರದದ್ರಿ ಸಾಹೇಬ್ರ?"

"ಏನಿಲ್ರಿ, ಗಾಯರಾಣ ಪೂರಾ ಅದ, ಯಾರೂ ಒತ್ತಿಲ್ಲ ಅಂತ ಅಷ್ಟ."

"ಮತ್ತ ಈ ಕೆಳಗ ಸಣ್ಣ ಅಕ್ಷರದಾಗ?"

ಕಲ್ಯಾಣಕುಮಾರ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಸುಳ್ಳಾದ್ರ ಸಹಿ ಮಾಡಿದವ್ರೇ ಜವಾಬ್ದಾರಿ, ಕೇಸ್ ಆಗ್ತದ ಅಂತ. ಅದು ಎಲ್ಲಾ ಫಾರ್ಮಿನ್ಯಾಗೂ ಇರ್ತದ ಬಿಡ್ರಿ."

"ಮೇಡಂ ಅಳತಿ ಮಾಡ್ತಾರೇನ್ರಿ?"

"ಅಳತಿ ಮಾಡೋ ಇಲಾಖೆ ಬ್ಯಾರೆ ಅದ. ಇವ್ರು ಕಲ್ಲು ನೋಡ್ತಾರ, ಫೋಟೊ ಹೊಡೀತಾರ, ನಿಮ್ಮ ಸಹಿ ತಗೊಂತಾರ. ಉಳಿದದ್ದು ನಿಮ್ಮ ಮ್ಯಾಲ." ಹೀಗೆ ಹೇಳಿ ಆತ ಫೈಲಿನೊಳಗೆ ತಲೆ ಹಾಕಿದ. ಅವನೂ ಅಂಜಿದ್ದಾನೆ ಎಂಬುದು ಸಾಬವ್ವನಿಗೆ ತಿಳಿಯಿತು. ಅಂಜಿದವರ ವಾಸನೆ ಅಂಜಿದವರಿಗೆ ಬೇಗ ಹತ್ತುತ್ತದೆ.

ಅವತ್ತೇ ಸಂಜೆ ಗುರಣ್ಣಗೌಡನ ಮೋಟಾರ್‌ಸೈಕಲ್ ಓಣಿಯ ತುದಿಗೆ ಬಂದು ನಿಂತಿತು. ಗೌಡ ಇಳಿಯಲಿಲ್ಲ. ಸಾಬವ್ವನೇ ಸೆರಗು ಎಳೆದುಕೊಂಡು ಹೋಗಿ ನಿಂತಳು.

"ಏನಬೇ ಸಾಬವ್ವ, ಆರಾಮ ಇದ್ದಿ?"

"ಹೌದ್ರಿ ಗೌಡ್ರ."

"ಅಮಾಸಿ ದಿನ ಮೇಡಂ ಬರ್ತಾರಂತ. ಗಾಯರಾಣ ಇದ್ದಂಗ ಅದ, ಹೌದಿಲ್ಲೋ?"

ಸಾಬವ್ವ ಗಾಡಿಯ ಚಕ್ರ ನೋಡಿದಳು.

"ಇನ್ನೂರಾ ಹತ್ತು ಎಕರೆದಾಗ ಹದಿನೆಂಟು ಅಂದ್ರ ಎಷ್ಟಬೇ? ರೊಟ್ಟಿ ಅಂಚಿನ ಒಂದು ಚೂರು. ಅಷ್ಟಕ್ಕ ಚಿಗರಿ ಉಪಾಸ ಬೀಳ್ತಾವೇನು? ನೀ ಸಹಿ ಮಾಡಲಿಲ್ಲಂದ್ರ ರೊಕ್ಕ ನಿಲ್ತದ, ಫಿಲ್ಟರ್ ಬಂದ್ ಬೀಳ್ತದ. ಊರ ಹೆಣ್ಮಕ್ಕಳು ಖಾಲಿ ಕೊಡ ತಗೊಂಡು ಯಾರ ಬಾಗಲಿಗೆ ಬರ್ತಾರ? ನನ್ನ ಬಾಗಲಿಗಲ್ಲ." ಗಾಡಿ ಚಾಲೂ ಮಾಡುತ್ತ ಮೆತ್ತಗೆ ಸೇರಿಸಿದ: "ತೊಗರಿ ಕೊಯ್ಲಿಗೆ ಮಷಿನ್ ತರ್ರಿ ಅಂತ ಎಲ್ಲಾರೂ ಹೇಳಾಕತ್ತಾರ. ನಾ ಒಲ್ಲೆ ಅಂದೇನಿ. ನಿಮ್ಮ ಓಣಿ ಹೆಣ್ಮಕ್ಕಳು ಏನ್ ತಿನ್ಬೇಕು ಮತ್ತ?"

ಮನೆಗೆ ಬಂದು ಸಾಬವ್ವ ಮೊದಲ ಸಲ ಎಲ್ಲ ಹೇಳಿದಳು: ಸರಪಳಿ, ಕಲ್ಲು, ಬಾರಿಗಿಡ. ಪೀರಪ್ಪ ಬೀಡಿಯನ್ನು ಹಚ್ಚದೆ ಕಿವಿಗೆ ಸಿಕ್ಕಿಸಿದ.

"ಸಹಿ ಮಾಡಿಬಿಡು. ಗೌಡ ದಿನಾ ಕಣ್ಣ ಮುಂದ ಇರಾಂವ. ಸರ್ಕಾರ ವರ್ಷಕ್ಕೊಮ್ಮಿ ಬರೂದು."

"ವರ್ಷಕ್ಕೊಮ್ಮಿ ಬಂದ್ರೂ ಒಯ್ಯೋದು ಯವ್ವನ್ನೇ ಅಲ್ಲೇನಪಾ?" ಎಂದಳು ಮೈತ್ರಿ. "ಸಹಿ ಮಾಡಬ್ಯಾಡ ಬೇ. ಅದು ಸುಳ್ಳದ."

"ನೀ ಬಸ್ಸಿಗೆ ಹೋಗಾಕಿ. ನಾಳೆ ಓಣ್ಯಾಗ ಇರಾಕಿ ನಾನು" ಎಂದಳು ಸಾಬವ್ವ.

ಅಲ್ಲಿಂದ ಅಮಾವಾಸ್ಯೆಯವರೆಗೆ ಅವಳ ಒಳಗೆ ಎರಡು ಅಂಜಿಕೆ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡ ಎರಡು ಎಮ್ಮೆಗಳ ಹಾಗೆ ನೂಕಾಡಿದವು. ಸಹಿ ಮಾಡಿದರೆ ಜೀಪು. ಮಾಡದಿದ್ದರೆ ಮೋಟಾರ್‌ಸೈಕಲ್. ಜ್ವರ ಬರಲಿ ಎಂದು ತಣ್ಣೀರು ಮಿಂದಳು; ಜ್ವರ ಬರಲಿಲ್ಲ. ತವರಿಗೆ ಹೋಗಿಬಿಡಲೇ ಎಂದು ಗಂಟು ಕಟ್ಟಿದಳು. ಒಬ್ಬಳೇ ಬಸ್ಸು ಹತ್ತುವ ಅಂಜಿಕೆಗೆ ಗಂಟು ಬಿಚ್ಚಿದಳು. ಕೊನೆಗೆ ಅಮಾವಾಸ್ಯೆಯ ಹಿಂದಿನ ದಿನ ಒಲೆಯ ಮುಂದೆ ಕೂತು, ಸಹಿ ಮಾಡುವುದೇ ಸರಿ ಎಂದುಕೊಂಡಳು. ಜೀಪು ದೂರದ್ದು. ದೂರದ ಅಂಜಿಕೆ ಮೊದಲು ಬಡಿಯುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಊರಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಉಣ್ಣುವ ಮೊದಲು ಎಲ್ಲ ಅಡುಗೆಯನ್ನೂ ಕಲಸಿ, ಹೊಲದ ಅಂಚಿಗುಂಟ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚೆಲ್ಲಿ ಬರಬೇಕು. ಅದಕ್ಕೆ ಚರಗ ಅನ್ನುತ್ತಾರೆ. ಬಸುರಿ ಭೂಮಿತಾಯಿಗೆ ಬಯಕೆಯ ತುತ್ತು. ಇರುವೆ, ಹಕ್ಕಿ, ಇಲಿ, ಹೊಲದಲ್ಲಿ ಬಾಳುವ ಎಲ್ಲಕ್ಕೂ ಅದರಲ್ಲಿ ಪಾಲು. ಯಾರು ಎಲ್ಲಿಯ ತನಕ ಚರಗ ಚೆಲ್ಲುತ್ತಾರೋ ಅಲ್ಲಿಯ ತನಕ ಅವರ ಹೊಲ. ಇದನ್ನು ಬಲ್ಲ ಗುರಣ್ಣಗೌಡ ಒಂದು ಉಪಾಯ ಮಾಡಿದ್ದ. ಮೇಡಂ ನೋಡುತ್ತಿರುವಾಗಲೇ ಹೊಸ ಕಲ್ಲಿನ ತನಕ ಚರಗ ಬಿದ್ದರೆ ಯಾವ ಕಾಗದ ಬೇಕು? ಮನೆಯಲ್ಲಿ ಚರಗ ಚೆಲ್ಲುವ ಹಿರಿಯಳು ಅವನ ತಾಯಿ ಗಂಗುಬಾಯಿ, ಎಂಬತ್ತರ ಮುದುಕಿ. "ಅವ್ವಾ, ಈ ಸಲ ಆ ಮುಂದಿನ ಕಲ್ಲಿನ ತನಕ ಚೆಲ್ಲು" ಎಂದಿದ್ದ. ಮುದುಕಿ ಹೂಂ ಅಂದಿದ್ದಳು. ಮಗ ಅಷ್ಟಕ್ಕೇ ನಂಬಿದ.

ಬೆಳಗಿನ ಹತ್ತಕ್ಕೆ ಜೀಪು ಬಂತು. ಇಳಿದ ಮೇಡಂ ಹೆಸರು ಖಮರ. ಕಲಬುರಗಿಯವರೇ, ಮಾತು ಮೆತ್ತಗೆ. ಪಿಡಿಒ, ಗೌಡ, ಸಾಬವ್ವ ಅವರ ಹಿಂದೆ ನಡೆದರು. ಮೇಡಂ ಹುಲ್ಲಿನ ಫೋಟೊ ಹೊಡೆದರು, ಚಿಗರಿಯ ಹಿಕ್ಕೆಯ ಫೋಟೊ ಹೊಡೆದರು, ಕೊನೆಗೆ ಹೊಸ ಜಾಗದಲ್ಲಿ ನಿಂತ ಹಳೆಯ ಕಲ್ಲಿನ ಹತ್ತಿರ ಬಂದರು. ಒಂದು ಕಡೆ ಗಾಯರಾಣ, ಒಂದು ಕಡೆ ಎದೆಯೆತ್ತರದ ತೊಗರಿ. ನೋಡಿದವರಿಗೆ ಎಲ್ಲ ಸರಿಯಾಗೇ ಇತ್ತು.

"ಇದ ನಿಮ್ಮ ಹದ್ದೇನ್ರಿ?"

"ಹೌದ್ರಿ ಮೇಡಂ, ನಮ್ಮ ಮುತ್ಯಾನ ಕಾಲದ ಕಲ್ಲು" ಎಂದ ಗೌಡ. ಆ ಮಾತು ಸುಳ್ಳಲ್ಲ. ಕಲ್ಲು ಮುತ್ಯಾನ ಕಾಲದ್ದೇ.

ಮೇಡಂ ಪತ್ರವನ್ನು ಹಲಗೆಯ ಮೇಲಿಟ್ಟು ಸಾಬವ್ವನ ಕೈಗೆ ಪೆನ್ನು ಕೊಟ್ಟರು. ಅಷ್ಟರಲ್ಲಿ ಆಚೆಯಿಂದ ಕೂಗು ಕೇಳಿತು. ಗಂಗುಬಾಯಿ ತೊಗರಿಯ ಸಾಲಿನಲ್ಲಿ ಬರುತ್ತಿದ್ದಳು, ಬುಟ್ಟಿ ಹೊತ್ತ ಸೊಸೆ ಹಿಂದೆ. ಒಂದೊಂದು ಹೆಜ್ಜೆಗೆ ಒಂದೊಂದು ಹಿಡಿ ಚರಗ. "ನೋಡ್ರಿ ಮೇಡಂ, ನಮ್ಮ ಅವ್ವ. ಈ ಕಲ್ಲಿನ ತನಕ ಬರ್ತಾಳ" ಎಂದ ಗೌಡ ಹೆಮ್ಮೆಯಿಂದ.

ಮುದುಕಿ ಬರಲಿಲ್ಲ. ಕಲ್ಲು ಇನ್ನೂ ಎಷ್ಟೋ ದೂರವಿರುವಾಗ, ನಡು ಬೆಳೆಯಲ್ಲಿ, ವರ್ಷವರ್ಷ ಹೊರಳುತ್ತಿದ್ದ ಜಾಗಕ್ಕೆ ಅವಳ ಕಾಲು ನಿಂತಿತು. ಎತ್ತಿದ ಕೈ ಹಾಗೇ ಉಳಿಯಿತು.

"ಅವ್ವಾ, ಬಾ ಮುಂದ!" ಎಂದು ಗೌಡ ಕೂಗಿದ.

"ಬರೂದು ಹ್ಯಾಂಗೋ ಗುರ್ಯಾ? ಮುಂದಿಂದು ನಮ್ಮದಲ್ಲ."

"ನಿನ್ನಿ ಹೇಳೇನಲ್ಲ!"

"ನೀ ಹೇಳಿದಿ. ನೆಲ ಹೂಂ ಅನಬೇಕಲ್ಲೋ. ಬ್ಯಾರೆ ನೆಲಕ್ಕ ನಮ್ಮ ಕೂಳು ಚೆಲ್ಲಿದ್ರ ಆ ತಾಯಿ ಮನಿತನಕ ಬೆನ್ನ ಹತ್ತತಾಳ. ನಿನಗ ಮಕ್ಕಳು ಮರಿ ಅದಾವು." ಅವಳ ಮಂಜುಗಣ್ಣು ಸುತ್ತ ಹುಡುಕಿ, ದೂರದ ಹಸಿರು ಸೀರೆಯ ಮೇಲೆ ನಿಂತಿತು. "ಅಕಿ ಸಾಬವ್ವ ಅಲ್ಲೇನು? ಸಾಬವ್ವ, ನೀ ಇಲ್ಲೇ ಆಡು ಕಾಯಾಕಿ. ನನಗ ಕಣ್ಣು ಕಾಣವಲ್ದು. ಬಾಂದದ ಕಲ್ಲು ಇಲ್ಲೇ ಇತ್ತಲ್ಲಬೇ? ನಾ ದಾಟೇನೋ, ಇನ್ನಾ ದಾಟಿಲ್ಲೋ? ಹೇಳವ್ವ, ಜಲ್ದಿ ಹೇಳು."

ಸರ್ಕಾರ ಕೇಳಿದ್ದರೆ ಸಾಬವ್ವ ಸುಳ್ಳು ಹೇಳುತ್ತಿದ್ದಳು. ಅದಕ್ಕೆ ತಯಾರಾಗಿಯೇ ಬಂದಿದ್ದಳು. ಆದರೆ ಕೇಳಿದ್ದು ತನ್ನ ಹಾಗೆಯೇ ಮೈಯೆಲ್ಲ ಅಂಜಿಕೆಯಾಗಿ ನಿಂತ ಒಬ್ಬ ಮುದುಕಿ. ಇನ್ನೊಂದು ಹೆಜ್ಜೆ ಇಟ್ಟುಬಿಟ್ಟರೆ ಎಂದು ಸಾಬವ್ವ ಪೆನ್ನು ಹಿಡಿದ ಕೈಯನ್ನೇ ಮೇಲೆತ್ತಿದಳು.

"ಇಲ್ರಿ ಆಯಿ, ದಾಟಿಲ್ಲ!" ಎಂದು ಕೂಗಿಬಿಟ್ಟಳು. "ಕಲ್ಲು ಅಲ್ಲೇ ಇತ್ರಿ, ನಿಮ್ಮ ಕಾಲ ಹತ್ರಾನೇ. ಅಲ್ಲೇ ಹೊಳ್ಳ್ರಿ!"

ಮುದುಕಿ ಉಸಿರು ಬಿಟ್ಟು, ಕೈಯಲ್ಲಿದ್ದದ್ದನ್ನು ಚೆಲ್ಲಿ, ಅಲ್ಲಿಂದಲೇ ಹೊರಳಿದಳು.

ತನ್ನ ಬಾಯಿಂದ ಬಿದ್ದದ್ದೇನು ಎಂಬುದು ಸಾಬವ್ವನಿಗೆ ಆಗ ಹೊಳೆಯಿತು. ಅವಳು ನೆಲಕ್ಕೇ ಕುಳಿತಳು. ಗೌಡನ ಕಡೆ ನೋಡಲಿಲ್ಲ. ಅವನ ಬೂಟು ಮಾತ್ರ ಕಾಣುತ್ತಿತ್ತು.

ಖಮರ ಮೇಡಂ ಅವಳೆದುರು ಬಗ್ಗಿದರು. "ಸಾಬವ್ವನವರ, ಈಗ ಹೇಳಿದ್ದು ಖರೇನ್ರಿ?"

ಇನ್ನೂ ಇಲ್ಲವೆನ್ನಬಹುದಿತ್ತು. ಬಾಯಿ ತಪ್ಪಿತು ಅನ್ನಬಹುದಿತ್ತು. ಬೂಟು ಒಂದು ಹೆಜ್ಜೆ ಹತ್ತಿರ ಬಂತು.

"ಖರೇರಿ" ಎಂದಳು ಸಾಬವ್ವ, ಮಣ್ಣು ನೋಡುತ್ತ. "ಸರಪಳಿ ಹಾಕಿ ಎಳದ್ರು, ಹದಿನೆಂಟು ಎಕರೆ ಒಳಗ. ನಾ ಬಾರಿಗಿಡದ ಹಿಂದ ಇದ್ದೆ. ಆಮ್ಯಾಲ ಇಲ್ಲೇ ಕಳೇನೂ ತಗದೇನ್ರಿ, ಕೂಲಿ ತಗೊಂಡು. ನನ್ನ ಮ್ಯಾಲ ಕೇಸ್ ಆಗ್ತದೇನ್ರಿ?"

"ಕಳಿ ತಗದವ್ರ ಮ್ಯಾಲ ಯಾರೂ ಕೇಸ್ ಮಾಡಲ್ರಿ" ಎಂದು ಮೇಡಂ ಪತ್ರದ ಸಾಲೊಂದನ್ನು ಹೊಡೆದುಹಾಕಿ, ಹದಿನೆಂಟು ಎಕರೆ ಒತ್ತುವರಿ ಎಂದು ಬರೆದು, ಕೆಳಗೆ ಬೆರಳಿಟ್ಟು ತೋರಿಸಿದರು. ಸಾಬವ್ವ ಸಹಿ ಮಾಡಿದಳು. ಅಕ್ಷರ ಹುಳ ಹರಿದಂತಾಯಿತು. ಪಿಡಿಒ ಇಣುಕಿ ನೋಡಿ, "ಆಫೀಸಿನ್ಯಾಗ ಇರೋ ಸಹಿಗೆ ಇದು ಕೂಡೂದಿಲ್ರಿ ಮೇಡಂ, ನಾಳೆ ತಕರಾರು ಆಗ್ತದ" ಎಂದ. ಕಡೆಗೆ ಹೆಬ್ಬೆಟ್ಟನ್ನೇ ಒತ್ತಿಸಿಕೊಂಡರು. ಗೌಡ ಹಲ್ಲು ಕಚ್ಚಿ, "ಚಲೋ ಆತು" ಎಂದಷ್ಟೇ ಅಂದು ಹೊಲ ದಾಟಿ ಹೋದ.

ಅನುದಾನ ಪೂರಾ ನಿಲ್ಲಲಿಲ್ಲ, ಪೂರಾ ಬರಲೂ ಇಲ್ಲ. ಹದಿನೆಂಟು ಎಕರೆ ಮತ್ತೆ ಹುಲ್ಲಿಗೆ ಬಿಟ್ಟ ಮೇಲೆ ಉಳಿದ ರೊಕ್ಕ ಬರುತ್ತದೆ, ಅಲ್ಲಿ ನಿಂತ ತೊಗರಿ ಪಂಚಾಯ್ತಿಯ ವಶ ಎಂದು ಆದೇಶ ಬಂತು. ಫಿಲ್ಟರ್ ಬೆಳಿಗ್ಗೆ ಒಂದು ತಾಸು ಮಾತ್ರ ನಡೆಯಿತು. ಕೊಯ್ಲು ಶುರುವಾದರೂ ಗೌಡ ಓಣಿಯ ಒಬ್ಬರನ್ನೂ ಕರೆಯಲಿಲ್ಲ. ಹೆಂಗಸರು ಚಳಿಯಲ್ಲೇ ಎದ್ದು ಟಂಟಂ ಹತ್ತಿ ನಿಂಬರ್ಗಾದ ಹೊಲಗಳಿಗೆ ಹೋಗಬೇಕಾಯಿತು. ಕೂಲಿಯ ಅರ್ಧ ಬಾಡಿಗೆಗೆ. "ನಿನ್ನ ಖರೇ ಮಾತು ಒಲಿ ಮ್ಯಾಲ ಇಡಬೇ, ಕುದೀತದೇನು ನೋಡೋಣ" ಎಂದು ಪಕ್ಕದ ಮನೆಯ ಪಂಚಶೀಲಾ ಮುಖದ ಮೇಲೇ ಅಂದಳು. ಸಾಬವ್ವ ಆಡುಗಳಿಗೆ ನೀರಿಟ್ಟಳು. ಮೋಟಾರ್‌ಸೈಕಲ್ ಸದ್ದು ಕೇಳಿದಾಗೆಲ್ಲ ಒಳಗೆ ಹೋಗಿ ಜೋಳದ ಚೀಲದ ಹಿಂದೆ ನಿಲ್ಲುತ್ತಿದ್ದಳು.

ಕೊಯ್ಲು ಶುರುವಾದ ಹನ್ನೊಂದನೆಯ ದಿನ ಆ ಸದ್ದು ಓಣಿಯೊಳಗೇ ಬಂತು. ಕೊಯ್ಲಿನ ಮಷಿನ್‌ಗಳೆಲ್ಲ ಬೇರೆ ಊರುಗಳ ದೊಡ್ಡ ಹೊಲಗಳಿಗೆ ಹಂಚಿಹೋಗಿದ್ದವು. ಗೌಡನ ತೊಗರಿ ಒಣಗಿ ಕಾಯಿ ಸಿಡಿಯಲು ಹತ್ತಿತ್ತು.

"ನಾಳೆ ಎಂಟು ಮಂದಿ ಬರ್ರಿ" ಎಂದ ಗೌಡ, ಯಾರ ಮುಖವನ್ನೂ ನೋಡದೆ.

"ಸಾಬವ್ವನ್ನ ಹಿಡಿದು ಎಂಟೋ, ಬಿಟ್ಟು ಎಂಟೋ ಗೌಡ್ರ?" ಎಂದು ಪಂಚಶೀಲಾ ಕೇಳಿದಳು.

"ಹಿಡಿದ. ಎಲ್ಲಿಗೆ ನಿಲ್ಲಬೇಕಂತ ಅಕಿಗೇ ಗೊತ್ತದಲ್ಲ."

ಹೆಂಗಸರು ಸೆರಗಿನಲ್ಲಿ ನಕ್ಕರು. ಚೀಲದ ಹಿಂದೆ ನಿಂತ ಸಾಬವ್ವನಿಗೆ ನಗು ಬರಲಿಲ್ಲ. ಅದು ಬೈಗುಳವೋ, ಬೆದರಿಕೆಯೋ, ಒಪ್ಪಿಗೆಯೋ, ತಿಳಿಯಲಿಲ್ಲ. ಆದರೂ ಬೆಳಿಗ್ಗೆ ತಲೆಗೆ ವಸ್ತ್ರ ಸುತ್ತಿ, ಕುಡುಗೋಲು ಹಿಡಿದು, ಏಳು ಮಂದಿಯ ನಡುವೆ ಸೇರಿ ಹೋದಳು.

ಗೌಡ ಬದುವಿನ ಮೇಲೆ ಕುಳಿತಿದ್ದ. ಎಂಟು ಕುಡುಗೋಲು ಒಂದೇ ಸಾಲಿನಲ್ಲಿ ಮುಂದೆ ಸಾಗಿದವು. ಹೊತ್ತು ನೆತ್ತಿಗೆ ಬಂದಾಗ, ಮುದುಕಿ ಚರಗ ಚೆಲ್ಲಿ ಹೊರಳಿದ್ದ ಜಾಗಕ್ಕೆ, ಸಾಬವ್ವನ ಕೈ ನಿಂತಿತು. ಅವಳು ಯಾರಿಗೂ ಏನೂ ಹೇಳಲಿಲ್ಲ. ಪಕ್ಕದ ಪಂಚಶೀಲಾ ನಿಂತಳು, ಅವಳ ಪಕ್ಕದವಳು ನಿಂತಳು, ಹೀಗೆ ಸಾಲೆಲ್ಲ ನಿಂತಿತು. ಎದುರಿಗೆ ಅದೇ ತೊಗರಿ, ಅದೇ ಎತ್ತರ, ಗಾಳಿಗೆ ಒಣ ಕಾಯಿ ಗಿಲಗಿಲ ಅನ್ನುತ್ತಿತ್ತು. ಸಾಬವ್ವನಿಗೆ ಹಿಂದಿರುಗಿ ನೋಡುವ ಧೈರ್ಯವಾಗಲಿಲ್ಲ.

ಬದುವಿನ ಮೇಲೆ ಬೂಟಿನ ಸದ್ದಾಯಿತು.

"ಹೊಳ್ಳ್ರಿ" ಎಂದ ಗೌಡ.

ಎಂಟೂ ಮಂದಿ ಹೊರಳಿದರು.